ಕನ್ನಡಕ ಎಲ್ಲಿದೆ ಎಂದು ಅಪ್ಪನಿಗೆ ಗೊತ್ತಿಲ್ಲ

(ಪೋಷಕರು ಮತ್ತು ಶಿಕ್ಷಕರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ವಿಷಯಕ್ಕೆ ಬರುವ ಮೊದಲು ನನ್ನ ಮನೆಯಲ್ಲಿ ನಡೆದದ್ದೊಂದನ್ನು ಹೇಳಿಬಿಡುತ್ತೇನೆ. ನನ್ನ ಮಗನಿಗೆ ಆಗ ಮೂರು ತುಂಬಿ ಒಂದೆರಡು ತಿಂಗಳಾಗಿತ್ತು. ನಾನು ಸ್ನಾನಕ್ಕೆ ಹೋಗುವಾಗ ಕನ್ನಡಕವನ್ನು ಪುಸ್ತಕದ ಕಪಾಟಿನ ಮೇಲೆ ಇಟ್ಟು ಹೋದೆ. ಅವನು ಅಲ್ಲೇ ನೆಲದ ಮೇಲೆ ಆಡುತ್ತಿದ್ದ. ನಾನು ಒಳಗಿದ್ದಾಗ ಕಪಾಟು ಒರೆಸಲು ಬಂದ ಅವನ ಅಮ್ಮ ಕನ್ನಡಕವನ್ನು ಎತ್ತಿ ಮೇಜಿನ ಡ್ರಾಯರಿನಲ್ಲಿ ಇಟ್ಟಳು. ಅದನ್ನೂ ಅವನು ನೋಡಿದ. ನಾನು ಹೊರಗೆ ಬಂದು ಕಪಾಟಿನ ಮೇಲೆ ಕೈಯಾಡಿಸುತ್ತ ನಿಂತೆ. ಮಗ ಒಂದು ಕ್ಷಣ ನನ್ನನ್ನೇ ನೋಡಿದ, ಆಮೇಲೆ ರೇಗಿದ: “ಅಲ್ಲಿ ಯಾಕೆ ಹುಡುಕುತ್ತೀಯ? ಡ್ರಾಯರಿನಲ್ಲಿದೆಯಲ್ಲ!”

ಆ ‘ಅಲ್ಲ’ ನನ್ನ ಕಿವಿಯಲ್ಲಿ ಉಳಿದುಬಿಟ್ಟಿತು. ಗೊತ್ತಿಲ್ಲದವರಿಗೆ ತಿಳಿಸುವಾಗ ನಾವು ‘ಡ್ರಾಯರಿನಲ್ಲಿದೆ’ ಎನ್ನುತ್ತೇವೆ. ಎದುರಿನವರಿಗೂ ಗೊತ್ತಿರುವುದನ್ನು ನೆನಪಿಸುವಾಗ ಮಾತ್ರ ‘ಇದೆಯಲ್ಲ’ ಎಂಬ ಮಾತು ಬರುತ್ತದೆ. ಕನ್ನಡಕ ಡ್ರಾಯರಿನಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು. ಅವನ ಮಟ್ಟಿಗೆ ಅದು ನನಗೂ ಗೊತ್ತಿತ್ತು, ಏಕೆಂದರೆ ಕನ್ನಡಕ ನಿಜವಾಗಿಯೂ ಅಲ್ಲೇ ಇತ್ತು. ಇದ್ದದ್ದು ಇದ್ದಹಾಗೆ ಎಲ್ಲರಿಗೂ ಗೊತ್ತಿರುತ್ತದೆ ಎಂದು ಅವನ ಲೆಕ್ಕ. ಅಪ್ಪನ ತಲೆಯೊಳಗೆ ಇನ್ನೊಂದು ಕಪಾಟು ಇದೆ, ಆ ಕಪಾಟಿನ ಮೇಲೆ ಕನ್ನಡಕ ಇನ್ನೂ ಹಾಗೆಯೇ ಕುಳಿತಿದೆ ಎಂದು ಅವನಿಗೆ ಹೊಳೆದಿರಲಿಲ್ಲ.

ಮಗುವಿಗೆ ಇದು ಹೊಳೆಯುವುದು ಯಾವಾಗ, ಹೇಗೆ? ಸುಮಾರು ನಾಲ್ಕೂವರೆ ದಶಕಗಳಿಂದ ಮನೋವಿಜ್ಞಾನಿಗಳು ಇದರ ಬೆನ್ನು ಹತ್ತಿದ್ದಾರೆ. ಸೋಜಿಗವೆಂದರೆ ಈ ಹುಡುಕಾಟ ಮಗುವಿನಿಂದ ಶುರುವಾಗಲೇ ಇಲ್ಲ, ಒಂದು ಚಿಂಪಾಂಜಿಯಿಂದ ಶುರುವಾಯಿತು. 1978ರಲ್ಲಿ ಡೇವಿಡ್ ಪ್ರೆಮ್ಯಾಕ್ ಮತ್ತು ಗೈ ವುಡ್ರಫ್ ಸಾರಾ ಎಂಬ ಚಿಂಪಾಂಜಿಗೆ ವಿಡಿಯೋ ತುಣುಕುಗಳನ್ನು ತೋರಿಸಿದರು. ಕೈಗೆಟುಕದ ಬಾಳೆಹಣ್ಣಿಗಾಗಿ ಒಬ್ಬ ಮನುಷ್ಯ ಒದ್ದಾಡುವಂಥ ದೃಶ್ಯಗಳು ಅವು. ಆಮೇಲೆ ಕೆಲವು ಫೋಟೋಗಳನ್ನು ಮುಂದಿಟ್ಟರೆ, ಅವನ ಕಷ್ಟಕ್ಕೆ ಪರಿಹಾರ ತೋರಿಸುವ ಫೋಟೋವನ್ನು ಸಾರಾ ಹೆಚ್ಚಿನ ಸಲ ಸರಿಯಾಗಿಯೇ ಆರಿಸಿದಳು. ಹಾಗಾದರೆ ಅವನ ಮನಸ್ಸಿನಲ್ಲಿ ಏನಿದೆ ಎಂದು ಅವಳು ಊಹಿಸಿದಳೇ? ಪ್ರೆಮ್ಯಾಕ್ ಮತ್ತು ವುಡ್ರಫ್ ಆ ಸಾಮರ್ಥ್ಯಕ್ಕೆ ಇಟ್ಟ ಹೆಸರು ‘ಮನಸ್ಸಿನ ಸಿದ್ಧಾಂತ’. ಕಿವಿಗೆ ಭಾರವೆನಿಸುವ ಹೆಸರು, ಆದರೆ ಅದೇ ನಿಂತುಬಿಟ್ಟಿದೆ.

ತತ್ತ್ವಜ್ಞಾನಿಗಳು ಒಪ್ಪಲಿಲ್ಲ. ಡೇನಿಯಲ್ ಡೆನೆಟ್ ಮತ್ತಿತರರು ಎತ್ತಿದ ಆಕ್ಷೇಪ ಬಹಳ ಸೊಗಸಾದದ್ದು. ಒಬ್ಬರ ನಂಬಿಕೆ ನಿಜವೇ ಆಗಿದ್ದರೆ ಅವರು ಮುಂದೆ ಏನು ಮಾಡುತ್ತಾರೆಂದು ಹೇಳಲು ಅವರ ಮನಸ್ಸನ್ನು ಓದಬೇಕಿಲ್ಲ, ಕಣ್ಣೆದುರಿನ ಪ್ರಪಂಚವನ್ನು ನೋಡಿದರೆ ಸಾಕು. ಕನ್ನಡಕ ಕಪಾಟಿನ ಮೇಲಿದೆ, ಅಪ್ಪ ಕಪಾಟಿನತ್ತ ಹೋಗುತ್ತಾನೆ. ಇದರಲ್ಲಿ ಮನಸ್ಸಿನ ಮಾತೆಲ್ಲಿ ಬಂತು? ನಂಬಿಕೆಗೂ ನಿಜಕ್ಕೂ ಬಿರುಕು ಬಿದ್ದಾಗಲೇ ಮನಸ್ಸು ಬೇರೆಯಾಗಿ ಕಾಣುವುದು. ಆದ್ದರಿಂದ ಪರೀಕ್ಷಿಸುವುದಾದರೆ ತಪ್ಪು ನಂಬಿಕೆಯನ್ನೇ ಇಟ್ಟು ಪರೀಕ್ಷಿಸಬೇಕು ಎಂದರು. ಮುಂದಿನ ಎಲ್ಲ ಕೆಲಸಕ್ಕೂ ಈ ಮಾತೇ ಅಡಿಪಾಯ.

1983ರಲ್ಲಿ ಆಸ್ಟ್ರಿಯಾದ ಹೈಂಜ್ ವಿಮ್ಮರ್ ಮತ್ತು ಯೋಸೆಫ್ ಪೆರ್ನರ್ ಅದನ್ನು ಮಕ್ಕಳ ಕಥೆಯಾಗಿ ಮಾಡಿದರು. ಮ್ಯಾಕ್ಸಿ ಎಂಬ ಹುಡುಗ ಚಾಕೊಲೇಟನ್ನು ನೀಲಿ ಬೀರುವಿನಲ್ಲಿಟ್ಟು ಆಡಲು ಹೋಗುತ್ತಾನೆ. ಅವನ ಅಮ್ಮ ಅದರಲ್ಲಿ ಸ್ವಲ್ಪ ಕೇಕಿಗೆ ಬಳಸಿ ಉಳಿದದ್ದನ್ನು ಹಸಿರು ಬೀರುವಿನಲ್ಲಿಡುತ್ತಾಳೆ. ಮ್ಯಾಕ್ಸಿ ವಾಪಸು ಬರುತ್ತಾನೆ. ಚಾಕೊಲೇಟಿಗಾಗಿ ಎಲ್ಲಿ ನೋಡುತ್ತಾನೆ? ಮೂರರಿಂದ ನಾಲ್ಕು ವರ್ಷದವರಲ್ಲಿ ಒಬ್ಬರೂ ಸರಿಯಾಗಿ ತೋರಿಸಲಿಲ್ಲ. ನಾಲ್ಕರಿಂದ ಆರರವರಲ್ಲಿ 57 ಶೇಕಡಾ, ಆರರಿಂದ ಒಂಬತ್ತರವರಲ್ಲಿ 86 ಶೇಕಡಾ ಮಕ್ಕಳು ಸರಿಯಾಗಿ ತೋರಿಸಿದರು. ಕಥೆಯನ್ನು ಸರಳಗೊಳಿಸಿದ ಮೇಲೆ ಈ ವಯಸ್ಸು ನಾಲ್ಕರ ಸುತ್ತಮುತ್ತಲಿಗೆ ಇಳಿಯಿತು. 2001ರಲ್ಲಿ ಹೆನ್ರಿ ವೆಲ್‌ಮನ್ ಮತ್ತು ಸಂಗಡಿಗರು 178 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದೂ ಅದೇ. ಮೂರರಲ್ಲಿ ಎಡವುವ ಮಗು ನಾಲ್ಕು, ಐದಕ್ಕೆ ಬರುವಷ್ಟರಲ್ಲಿ ದಾಟುತ್ತದೆ. ದೇಶ ಬದಲಾದರೆ ವಯಸ್ಸು ಒಂದಿಷ್ಟು ಹಿಂದೆ ಮುಂದೆ ಆಗುತ್ತದೆ, ದಾರಿ ಮಾತ್ರ ಹೆಚ್ಚುಕಡಿಮೆ ಅದೇ.

ಇದನ್ನು ಕೇಳಿದ ಅನೇಕರು, “ಪಾಪ, ಮಗುವಿಗೆ ಪ್ರಶ್ನೆಯೇ ಅರ್ಥವಾಗಿರಲಿಕ್ಕಿಲ್ಲ” ಎನ್ನುತ್ತಾರೆ. ನ್ಯಾಯವಾದ ಅನುಮಾನ. ಇಂಥವರಿಗೆ ನಾನು ಯಾವಾಗಲೂ ಹೇಳುವುದು ಪೆನ್ಸಿಲ್ ಡಬ್ಬಿಯ ಪ್ರಯೋಗ. ಈ ಕ್ಷೇತ್ರದಲ್ಲಿ ನನ್ನನ್ನು ಅತಿ ಹೆಚ್ಚು ಬೆರಗುಗೊಳಿಸಿದ್ದು ಅದೇ. ಮಿಠಾಯಿಯ ಚಿತ್ರವಿರುವ, ಮಗುವಿಗೆ ಚೆನ್ನಾಗಿ ಪರಿಚಯವಿರುವ ಡಬ್ಬಿಯೊಂದನ್ನು ತೋರಿಸಿ “ಇದರೊಳಗೆ ಏನಿದೆ?” ಎಂದು ಕೇಳುತ್ತಾರೆ. “ಮಿಠಾಯಿ.” ಮುಚ್ಚಳ ತೆಗೆದರೆ ಒಳಗೆ ಪೆನ್ಸಿಲ್‌ಗಳು. ಮಗುವಿನ ಮುಖ ಸಣ್ಣದಾಗುತ್ತದೆ. ಮುಚ್ಚಳ ಮುಚ್ಚಿ, ಹೊರಗಿರುವ ಗೆಳೆಯ ಇದನ್ನು ನೋಡಿದರೆ ಒಳಗೆ ಏನಿದೆ ಎಂದುಕೊಳ್ಳುತ್ತಾನೆ ಎಂದು ಕೇಳಿದರೆ, ಮೂರು ವರ್ಷದ ಮಗು “ಪೆನ್ಸಿಲ್” ಎನ್ನುತ್ತದೆ. ಇಲ್ಲಿಯವರೆಗೆ ಮ್ಯಾಕ್ಸಿಯದ್ದೇ ಕಥೆ. 1988ರಲ್ಲಿ ಆಲಿಸನ್ ಗೋಪ್ನಿಕ್ ಮತ್ತು ಜಾನೆಟ್ ಆಸ್ಟಿಂಗ್ಟನ್ ಇನ್ನೊಂದು ಪ್ರಶ್ನೆಯನ್ನೂ ಸೇರಿಸಿದರು: “ಮುಚ್ಚಳ ತೆಗೆಯುವ ಮೊದಲು, ಒಳಗೆ ಏನಿದೆ ಎಂದು ನೀನು ಅಂದುಕೊಂಡಿದ್ದೆ?”

ಹೆಚ್ಚಿನ ಮೂರು ವರ್ಷದ ಮಕ್ಕಳ ಉತ್ತರ: “ಪೆನ್ಸಿಲ್.”

ಸ್ವಲ್ಪ ಹೊತ್ತಿನ ಹಿಂದೆ ತನ್ನ ಬಾಯಿಂದಲೇ ಮಿಠಾಯಿ ಎಂದದ್ದು, ಪೆನ್ಸಿಲ್ ಕಂಡು ಪೆಚ್ಚಾದದ್ದು ಅದೇ ಮಗು. ಅದು ಸುಳ್ಳು ಹೇಳುತ್ತಿಲ್ಲ, ಮುಜುಗರದಿಂದ ಮುಚ್ಚಿಡುತ್ತಲೂ ಇಲ್ಲ. ತಾನು ತಪ್ಪು ತಿಳಿದಿದ್ದೆ ಎಂಬ ಸಂಗತಿಯನ್ನು ಇಟ್ಟುಕೊಳ್ಳಲು ಅದರ ಒಳಗೆ ಇನ್ನೂ ಜಾಗವಿಲ್ಲ. ಇನ್ನೊಬ್ಬರ ಮನಸ್ಸನ್ನು ಅರಿಯುವುದೂ ತನ್ನ ಮನಸ್ಸನ್ನು ಅರಿಯುವುದೂ ಜೊತೆಜೊತೆಗೆ ಬೆಳೆಯುತ್ತವೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಸಾಕ್ಷಿ ನನಗೆ ಗೊತ್ತಿಲ್ಲ. ನನಗೆ ನನ್ನ ಮನಸ್ಸು ಮೊದಲು ತಿಳಿಯುತ್ತದೆ, ಅದರ ಆಧಾರದ ಮೇಲೆ ನಿಮ್ಮದನ್ನು ಊಹಿಸುತ್ತೇನೆ ಎಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವಲ್ಲ, ಮಗುವಿನ ವಿಷಯದಲ್ಲಿ ಅದು ಅಷ್ಟು ನೇರವಾಗಿಲ್ಲ. ತರಗತಿಯಲ್ಲಿ ಪುಟ್ಟ ಮಗುವೊಂದು ಈಗಷ್ಟೇ ಕಲಿತದ್ದನ್ನು “ನನಗೆ ಮೊದಲೇ ಗೊತ್ತಿತ್ತು” ಎಂದರೆ ದಯವಿಟ್ಟು ಗದರಬೇಡಿ. ಅದು ಜಂಬ ಕೊಚ್ಚಿಕೊಳ್ಳುತ್ತಿರುವುದಲ್ಲ.

ಹಾಗೆಂದು ಮೂರು ವರ್ಷದವರೆಗೆ ಮಗು ಇತರರ ಮನಸ್ಸಿಗೆ ಕುರುಡು ಎಂದುಕೊಂಡರೆ ದೊಡ್ಡ ಅನ್ಯಾಯ. ಬೇಕು ಬೇಡಗಳು ಅದಕ್ಕೆ ನಂಬಿಕೆಗಿಂತ ಬಹಳ ಮೊದಲೇ ತಿಳಿಯುತ್ತವೆ. ಅಮಾಂಡಾ ವುಡ್‌ವರ್ಡ್ 1998ರಲ್ಲಿ ತೋರಿಸಿದಂತೆ, ಆರು ತಿಂಗಳ ಕೂಸು ಕೂಡ ಚಾಚಿದ ಕೈಯನ್ನು ಕಂಡರೆ ಅದು ಸಾಗಿದ ದಾರಿಗಿಂತ ಅದು ಹಿಡಿಯಹೊರಟ ವಸ್ತುವನ್ನೇ ಮುಖ್ಯವೆಂದು ಗ್ರಹಿಸುತ್ತದೆ. ಇನ್ನು ಬೆಟ್ಟಿ ರೆಪಾಕೋಲಿ ಮತ್ತು ಗೋಪ್ನಿಕ್ 1997ರಲ್ಲಿ ಮಾಡಿದ ಪ್ರಯೋಗ ನೆನೆದಾಗಲೆಲ್ಲ ನನಗೆ ಖುಷಿಯಾಗುತ್ತದೆ. ಎರಡು ಬಟ್ಟಲು, ಒಂದರಲ್ಲಿ ಬಿಸ್ಕತ್ತು, ಇನ್ನೊಂದರಲ್ಲಿ ಹಸಿ ಬ್ರೊಕೊಲಿ. ಮಕ್ಕಳಿಗೆ ಇಷ್ಟ ಬಿಸ್ಕತ್ತೇ. ಪ್ರಯೋಗ ನಡೆಸುವವರು ಬಿಸ್ಕತ್ತು ತಿಂದು ಮುಖ ಸಿಂಡರಿಸುತ್ತಾರೆ, ಬ್ರೊಕೊಲಿ ತಿಂದು ಚಪ್ಪರಿಸುತ್ತಾರೆ. ಆಮೇಲೆ ಕೈಚಾಚಿ “ನನಗೆ ಸ್ವಲ್ಪ ಕೊಡುತ್ತೀಯಾ?” ಎನ್ನುತ್ತಾರೆ. ಹದಿನಾಲ್ಕು ತಿಂಗಳ ಮಗು ತನಗೆ ಇಷ್ಟವಾದ ಬಿಸ್ಕತ್ತನ್ನೇ ಕೊಡುತ್ತದೆ. ಹದಿನೆಂಟು ತಿಂಗಳ ಮಗು ಬ್ರೊಕೊಲಿ ಕೊಡುತ್ತದೆ. ತನಗೆ ಬೇಡವಾದದ್ದು ಇನ್ನೊಬ್ಬರಿಗೆ ಬೇಕಾಗಿರಬಹುದು ಎಂಬ ಅರಿವು ಮೂಡಿಬಿಟ್ಟಿದೆ. ನಡುವೆ ಇದ್ದದ್ದು ಬರೀ ನಾಲ್ಕು ತಿಂಗಳು.

ವರ್ಷ ತುಂಬಿದ ಮಗು ದೊಡ್ಡವರು ಬಳಸುತ್ತಿದ್ದ ವಸ್ತು ಕಾಣೆಯಾಗಿ ಅವರು ಹುಡುಕುತ್ತಿದ್ದರೆ, ಅದಿರುವ ಕಡೆಗೆ ಬೆರಳು ತೋರಿಸುತ್ತದೆ. ತನಗೆ ಬೇಕೆಂದು ತೋರಿಸುವುದಲ್ಲ, ಅವರಿಗೆ ತಿಳಿಸಲೆಂದೇ ತೋರಿಸುವುದು. ಉಲ್ಫ್ ಲಿಸ್ಕೋವ್ಸ್ಕಿ ಮತ್ತು ಸಂಗಡಿಗರು 2006ರಲ್ಲಿ ಇದನ್ನು ದಾಖಲಿಸಿದ್ದಾರೆ. ನೀವು ನನ್ನನ್ನು ಕೇಳಬಹುದು: ಒಂದು ವರ್ಷದ ಮಗು ಬೆರಳು ತೋರಿಸುತ್ತದೆ, ಮೂರು ವರ್ಷದ ನಿಮ್ಮ ಮಗ ರೇಗುತ್ತಾನೆ, ಇದೇನು ಹಿಂದಕ್ಕೆ ಬೆಳವಣಿಗೆಯೇ? ಒಳ್ಳೆಯ ಪ್ರಶ್ನೆ, ಇವತ್ತಿಗೂ ಪೂರ್ತಿ ಬಗೆಹರಿಯದ ಪ್ರಶ್ನೆ. ಅಪ್ಪನಿಗೆ ಒಂದು ಸಂಗತಿ ತಿಳಿಯದು ಎಂದು ಗ್ರಹಿಸುವುದು ಬೇರೆ, ಅಪ್ಪ ನಿಜವಲ್ಲದ ಇನ್ನೊಂದನ್ನು ನಿಜವೆಂದು ನಂಬಿದ್ದಾನೆ ಎಂದು ಗ್ರಹಿಸುವುದು ಬೇರೆ. ಎರಡನೆಯದಕ್ಕೆ ಕಣ್ಣೆದುರಿನ ನಿಜವನ್ನು ಒಂದು ಗಳಿಗೆ ಪಕ್ಕಕ್ಕಿಡಬೇಕಾಗುತ್ತದೆ.

2005ರಲ್ಲಿ ಈ ಕ್ಷೇತ್ರದಲ್ಲಿ ಒಂದು ಸ್ಫೋಟವೇ ಆಯಿತು. ಕ್ರಿಸ್ಟಿನ್ ಒನಿಶಿ ಮತ್ತು ರೆನೆ ಬಯಾರ್ಜಾನ್ ಹದಿನೈದು ತಿಂಗಳ ಮಕ್ಕಳಿಗೆ ಯಾವ ಪ್ರಶ್ನೆಯನ್ನೂ ಕೇಳದೆ ಪರೀಕ್ಷೆ ಮಾಡಿದರು. ಒಬ್ಬಾಕೆ ಕಲ್ಲಂಗಡಿ ತುಂಡಿನ ಆಟಿಕೆಯನ್ನು ಹಸಿರು ಪೆಟ್ಟಿಗೆಯಲ್ಲಿ ಬಚ್ಚಿಡುತ್ತಾಳೆ. ಅವಳಿಗೆ ಕಾಣದಿರುವಾಗ ಅದು ಹಳದಿ ಪೆಟ್ಟಿಗೆಗೆ ಸರಿಯುತ್ತದೆ. ಆಮೇಲೆ ಅವಳು ಆಟಿಕೆಯಿಲ್ಲದ ಹಸಿರು ಪೆಟ್ಟಿಗೆಗೆ ಕೈ ಹಾಕಿದರೆ ಮಕ್ಕಳು ಸ್ವಲ್ಪ ಹೊತ್ತು ನೋಡಿ ಸುಮ್ಮನಾದರು. ಆಟಿಕೆ ನಿಜವಾಗಿ ಇದ್ದ ಹಳದಿ ಪೆಟ್ಟಿಗೆಗೆ ಕೈ ಹಾಕಿದರೆ ದೀರ್ಘವಾಗಿ ದಿಟ್ಟಿಸಿದರು. ಇವಳಿಗೆ ಇದು ಹೇಗೆ ಗೊತ್ತಾಯಿತು ಎಂದು ಚಕಿತಗೊಂಡವರಂತೆ. ಅಂದರೆ ಅವಳ ತಪ್ಪು ನಂಬಿಕೆಯನ್ನು ಈ ಕೂಸುಗಳು ಲೆಕ್ಕಕ್ಕೆ ಇಟ್ಟುಕೊಂಡಿದ್ದವೇ? ಮುಂದೆ ಏಳು ತಿಂಗಳ ಮಕ್ಕಳಲ್ಲೂ ಇದರ ಸುಳಿವಿದೆ ಎಂಬ ವರದಿ ಬಂತು. ಆದರೆ ಬೇರೆ ಬೇರೆ ಪ್ರಯೋಗಾಲಯಗಳು ಇಂಥ ನೋಟದ ಪ್ರಯೋಗಗಳನ್ನು ಮತ್ತೆ ಮಾಡಿದಾಗ ಎಷ್ಟೋ ಸಲ ಅದೇ ಫಲಿತಾಂಶ ಸಿಗಲಿಲ್ಲ. ಕೆಲವು ನಿಂತವು, ಹಲವು ಕುಸಿದವು. ಈಗ ಅನೇಕ ದೇಶಗಳ ಪ್ರಯೋಗಾಲಯಗಳು ಕೈಜೋಡಿಸಿ ಒಂದೇ ವಿಧಾನದಲ್ಲಿ ಪರೀಕ್ಷಿಸಲು ಹೊರಟಿವೆ. ಇದನ್ನು ಕೆಲವರು ವಿಜ್ಞಾನದ ಸೋಲೆನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ತನ್ನ ನಂಬಿಕೆ ತಪ್ಪಿರಬಹುದು ಎಂದು ಮರಳಿ ನೋಡುವವರ ಮೇಲೆ ನನಗೆ ಗೌರವ ಹೆಚ್ಚು.

ನನ್ನ ಅಭಿಪ್ರಾಯ ಕೇಳಿದರೆ, ನಾನು 1994ರ ಒಂದು ಹಳೆಯ ಅಧ್ಯಯನದ ಕಡೆಗೆ ಬೆರಳು ಮಾಡುತ್ತೇನೆ. ವೆಂಡಿ ಕ್ಲೆಮೆಂಟ್ಸ್ ಮತ್ತು ಪೆರ್ನರ್ ಇಂಥದ್ದೇ ಕಥೆ ಹೇಳುತ್ತ ಮಕ್ಕಳ ಕಣ್ಣನ್ನು ಗಮನಿಸಿದರು. ಮೂರರ ಆಸುಪಾಸಿನ ಅನೇಕ ಮಕ್ಕಳ ಬಾಯಿ ತಪ್ಪು ಉತ್ತರ ಕೊಟ್ಟಿತು, ಕಣ್ಣು ಮಾತ್ರ ಸರಿಯಾದ ಜಾಗದತ್ತ ಹೊರಳಿತ್ತು. ಕಣ್ಣಿಗೆ ಎಟುಕಿದ್ದು ಮಾತಿಗೆ ಇನ್ನೂ ಎಟುಕಿರಲಿಲ್ಲ. ಮೊಳಕೆ ಬಹಳ ಬೇಗ ಒಡೆದಿರಬಹುದು. ಅದು ಕೈಗೆ ಸಿಗುವ ತಿಳಿವಳಿಕೆಯಾಗಲು, ಅದನ್ನಿಟ್ಟುಕೊಂಡು ವಾದಿಸಲು, ವಿವರಿಸಲು, ಸಮಾಧಾನ ಹೇಳಲು ಇನ್ನೇನೋ ಬೇಕು.

ಆ ‘ಇನ್ನೇನೋ’ ಯಾವುದು? ಅದು ಮಾತುಕತೆ ಎಂದು ನಾನು ಬಲವಾಗಿ ನಂಬಿದ್ದೇನೆ, ಇವತ್ತು ನಿಮ್ಮೆದುರು ನಿಂತದ್ದೂ ಅದಕ್ಕೇ. ಕಿವಿ ಕೇಳಿಸದ ಮಕ್ಕಳನ್ನು ನೋಡಿ. ಕೇಳಿಸುವ ತಂದೆತಾಯಿಗೆ ಹುಟ್ಟಿ, ಮನೆಯಲ್ಲಿ ಯಾರಿಗೂ ಸಂಜ್ಞೆ ಭಾಷೆ ಸರಿಯಾಗಿ ಬಾರದಿದ್ದರೆ, ಅಂಥ ಮಗು ಈ ಪರೀಕ್ಷೆಯಲ್ಲಿ ವರ್ಷಗಟ್ಟಲೆ ಹಿಂದೆ ಉಳಿಯುತ್ತದೆ. ಆಸ್ಟ್ರೇಲಿಯಾದ ಕ್ಯಾಂಡಿಡಾ ಪೀಟರ್‌ಸನ್ ಮತ್ತು ಮೈಕೆಲ್ ಸೀಗಲ್ 1995ರಿಂದ ಇದನ್ನು ತೋರಿಸುತ್ತ ಬಂದರು. ಅದೇ ಕಿವುಡು, ಆದರೆ ತಂದೆತಾಯಿಯೂ ಕಿವುಡರಾಗಿದ್ದು ಹುಟ್ಟಿನಿಂದಲೇ ಸಂಜ್ಞೆಯಲ್ಲಿ ಮಾತಾಡಿಸಿದರೆ ಮಗು ಹಿಂದೆ ಬೀಳುವುದಿಲ್ಲ. ಅಂದರೆ ಕೊರತೆಯಿದ್ದದ್ದು ಮಗುವಿನಲ್ಲಲ್ಲ, ಮಗುವಿಗೆ ಸಿಕ್ಕ ಮಾತಿನಲ್ಲಿ.

ಇನ್ನೂ ದೊಡ್ಡ ಸಾಕ್ಷಿ ಮಧ್ಯ ಅಮೆರಿಕದ ದೇಶ ನಿಕರಾಗುವಾದ್ದು. ಅಲ್ಲಿ 1970ರ ದಶಕಕ್ಕೆ ಮೊದಲು ಕಿವುಡರದ್ದೇ ಆದ ಸಮುದಾಯವಾಗಲಿ ಭಾಷೆಯಾಗಲಿ ಇರಲಿಲ್ಲ. ರಾಜಧಾನಿ ಮನಾಗುವಾದಲ್ಲಿ ವಿಶೇಷ ಶಾಲೆ ತೆರೆದಾಗ ಮಕ್ಕಳು ತಂತಮ್ಮ ಮನೆಯ ಸನ್ನೆಗಳನ್ನು ಹೊತ್ತು ತಂದರು. ಒಟ್ಟಿಗೆ ಆಡುತ್ತ ಆಡುತ್ತ ಅವರೇ ಒಂದು ಹೊಸ ಭಾಷೆಯನ್ನು ಕಟ್ಟಿಕೊಂಡರು. ಮೊದಲ ತಂಡದ ಭಾಷೆ ಸರಳವಾಗಿತ್ತು, ನಂತರ ಬಂದ ಕಿರಿಯರು ಅದನ್ನು ಹಿಗ್ಗಿಸಿದರು. ಜೆನೀ ಪಯರ್ಸ್ ಮತ್ತು ಆ್ಯನ್ ಸೆಂಘಾಸ್ ಈ ಎರಡೂ ತಲೆಮಾರಿನವರನ್ನು ಚಿತ್ರಕಥೆಗಳ ಮೂಲಕ ಪರೀಕ್ಷಿಸಿದರು. ಮೊದಲ ತಂಡದವರು ಅಷ್ಟರಲ್ಲಿ ಇಪ್ಪತ್ತು ದಾಟಿದ ವಯಸ್ಕರು. ಶಾಲೆಯ ಹೊರಗೆ ಬದುಕು ನಡೆಸುತ್ತಿದ್ದ ಅವರು ತಪ್ಪು ನಂಬಿಕೆಯ ಕಥೆಯಲ್ಲಿ ಎಡವಿದರು, ಕಿರಿಯರು ಸಲೀಸಾಗಿ ದಾಟಿದರು. ‘ಅಂದುಕೊಳ್ಳು’, ‘ಗೊತ್ತು’ ಎಂಬಂಥ ಅರ್ಥದ ಸಂಜ್ಞೆಗಳು ಹಿರಿಯರ ಮಾತಿನಲ್ಲಿ ತೀರಾ ವಿರಳ. ಸುಮಾರು ಎರಡು ವರ್ಷದ ನಂತರ ಮತ್ತೆ ನೋಡಿದಾಗ ಹಿರಿಯರು ಕಿರಿಯರ ಒಡನಾಟದಲ್ಲಿ ಆ ಸಂಜ್ಞೆಗಳನ್ನು ಕಲಿತಿದ್ದರು, ಪರೀಕ್ಷೆಯಲ್ಲೂ ಮುಂದೆ ಬಂದಿದ್ದರು. 2009ರಲ್ಲಿ ಪ್ರಕಟವಾದ ಈ ಪ್ರಬಂಧವನ್ನು ಮೊದಲ ಸಲ ಓದಿದ ರಾತ್ರಿ ನನಗೆ ಬೇಗ ನಿದ್ದೆ ಹತ್ತಲಿಲ್ಲ. ಮನಸ್ಸಿನ ಬಗ್ಗೆ ಮಾತಾಡುವವರು ಸುತ್ತ ಇಲ್ಲದೆ ಇಪ್ಪತ್ತು ಚಿಲ್ಲರೆ ವರ್ಷ ಕಳೆದವರ ಒಂಟಿತನ ಎಂಥದ್ದಿರಬೇಕು!

ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಒಳ್ಳೆಯ ಸಲಕರಣೆಗಳಿವೆ ನೋಡಿ. ‘ಅನ್ನು’ ಎಂದರೆ ಹೇಳು. ಅದಕ್ಕೆ ‘ಕೊಳ್ಳು’ ಸೇರಿಸಿದರೆ ‘ಅಂದುಕೊಳ್ಳು’, ತನಗೆ ತಾನೇ ಹೇಳಿಕೊಳ್ಳುವುದು. ಯೋಚನೆಯೆಂದರೆ ಒಳಗಿನ ಮಾತು ಎಂದು ಈ ಒಂದು ಪದವೇ ಕಲಿಸುತ್ತದೆ. ‘ಅವನಿಗೆ ತಿಳಿದಿತ್ತು’ ಎಂದರೆ ತಿಳಿದದ್ದು ನಿಜ. ‘ಅವನು ಹಾಗೆಂದು ತಿಳಿದುಕೊಂಡಿದ್ದ’ ಎಂದ ತಕ್ಷಣ ಕೇಳುವವರಿಗೆ ಗೊತ್ತಾಗುತ್ತದೆ, ಎಲ್ಲೋ ಎಡವಟ್ಟಾಗಿದೆ. ಮನೆಯಲ್ಲಿ ಇಂಥ ವಾಕ್ಯಗಳು ದಿನವೂ ಮಗುವಿನ ಕಿವಿಗೆ ಬೀಳಬೇಕು. “ಅಕ್ಕ ಅಳುತ್ತಿದ್ದಾಳೆ, ಸುಮ್ಮನಿರು” ಎನ್ನುವುದಕ್ಕೂ “ನೀನು ಬೇಕೆಂದೇ ಹರಿದೆ ಎಂದುಕೊಂಡು ಅಕ್ಕ ಅಳುತ್ತಿದ್ದಾಳೆ” ಎನ್ನುವುದಕ್ಕೂ ಬಹಳ ಅಂತರವಿದೆ. ಎರಡನೆಯ ವಾಕ್ಯದಲ್ಲಿ ಒಂದು ಇಡೀ ಮನಸ್ಸು ಕಾಣುತ್ತದೆ. ಅಣ್ಣ ತಮ್ಮ ಅಕ್ಕ ತಂಗಿಯರಿರುವ ಮಕ್ಕಳು ಈ ಪರೀಕ್ಷೆಯನ್ನು ಬೇಗ ದಾಟುತ್ತಾರೆ ಎಂದು 1994ರಲ್ಲಿ ಪೆರ್ನರ್ ತಂಡ ಕಂಡದ್ದಕ್ಕೂ ಇದೇ ಕಾರಣ ಇರಬೇಕು. ಜಗಳವಾಡಲು, ಏಮಾರಿಸಲು, ರಾಜಿಯಾಗಲು ಹತ್ತಿರದಲ್ಲೇ ಇನ್ನೊಂದು ಮನಸ್ಸಿರುತ್ತದೆ.

ಪ್ರಯೋಗವೆಂದರೆ ಗೊಂಬೆ, ಡಬ್ಬಿ, ಪರದೆ ಎಂದೇ ಆಗಬೇಕಿಲ್ಲ. ಜೆರೆಮಿ ಏವಿಸ್ ಮತ್ತು ಪಾಲ್ ಹ್ಯಾರಿಸ್ 1991ರಲ್ಲಿ ವರದಿ ಮಾಡಿದ್ದು ಕ್ಯಾಮರೂನ್ ಕಾಡಿನ ಬಾಕಾ ಜನರ ಬಿಡಾರದ್ದು. ಒಲೆಯ ಮೇಲಿನ ಬೋಗುಣಿಯಲ್ಲಿ ಕಾಡುಮಾವಿನ ಬೀಜ ಬೇಯುತ್ತಿದೆ. ಬೇಯಿಸುತ್ತಿದ್ದವನು ಅತ್ತ ಹೋದಾಗ ಇನ್ನೊಬ್ಬ ಹಿರಿಯ, ಬೀಜವನ್ನು ಬೇರೆಡೆ ಬಚ್ಚಿಡು ಎಂದು ಮಗುವಿಗೆ ಹೇಳುತ್ತಾನೆ. ಆಮೇಲೆ ಕೇಳುತ್ತಾನೆ: ಅವನು ವಾಪಸು ಬಂದು ಎಲ್ಲಿ ಹುಡುಕುತ್ತಾನೆ? ಮುಚ್ಚಳ ತೆಗೆಯುವ ಮುನ್ನ ಅವನಿಗೆ ಖುಷಿ ಇರುತ್ತದೆಯೋ ಬೇಸರವೋ? ಐದರ ಆಸುಪಾಸಿನ ಮಕ್ಕಳಲ್ಲಿ ಹೆಚ್ಚಿನವರು ಸರಿಯಾಗಿ ಹೇಳಿದರು. ಮುಚ್ಚಳ ಇನ್ನೂ ತೆಗೆದಿಲ್ಲ, ಆದ್ದರಿಂದ ಇನ್ನೂ ಖುಷಿ. ಆ ಪ್ರಶ್ನೆಯ ಚೆಂದಕ್ಕೆ ನಾನು ಸೋತಿದ್ದೇನೆ.

ಆಟಿಸಂ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. 1985ರಲ್ಲಿ ಸೈಮನ್ ಬ್ಯಾರನ್-ಕೋಹೆನ್, ಆಲನ್ ಲೆಸ್ಲಿ ಮತ್ತು ಊಟಾ ಫ್ರಿತ್ ನಡೆಸಿದ ತಪ್ಪು ನಂಬಿಕೆಯ ಪರೀಕ್ಷೆಯಲ್ಲಿ ಆಟಿಸಂ ಇರುವ 20 ಮಕ್ಕಳಲ್ಲಿ 16 ಮಂದಿ ಎಡವಿದರು. ಅಲ್ಲಿಂದ ‘ಈ ಮಕ್ಕಳಿಗೆ ಇತರರ ಮನಸ್ಸೇ ತಿಳಿಯದು’ ಎಂಬ ಮಾತು ಹಬ್ಬಿ, ಅನೇಕ ಮನೆಗಳಲ್ಲಿ ನೋವು ಬಿತ್ತಿತು. ಸರಿಯಾಗಿ ಉತ್ತರಿಸಿದ ಆ ನಾಲ್ವರನ್ನು ಏಕೆ ಮರೆತೆವು? ಅನೇಕರು ತಡವಾಗಿ, ತಮ್ಮದೇ ದಾರಿಯಲ್ಲಿ ಇದನ್ನು ಕಲಿಯುತ್ತಾರೆ. ಸ್ವತಃ ಆಟಿಸಂ ಇರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಎತ್ತಿದ ಪ್ರಶ್ನೆ ನಮ್ಮೆಲ್ಲರಿಗೂ ಕೇಳಬೇಕು: ಅವರ ಮನಸ್ಸನ್ನು ಅರಿಯುವುದರಲ್ಲಿ ಉಳಿದವರು ಎಷ್ಟು ಪಾಸಾಗಿದ್ದಾರೆ?

ಸಭೆಯಲ್ಲಿ ಒಬ್ಬರು ತಾಯಿ ಚೀಟಿ ಕಳಿಸಿದ್ದಾರೆ: ನಾಲ್ಕು ವರ್ಷದ ಮಗಳು ಈಚೆಗೆ ಸುಳ್ಳು ಹೇಳಲು ಶುರು ಮಾಡಿದ್ದಾಳೆ, ಏನು ಮಾಡಲಿ? ಅಮ್ಮಾ, ಮೊದಲು ಒಂದು ಗಳಿಗೆ ಸಂತೋಷಪಡಿ. ಚೀನಾದಲ್ಲಿ ನಡೆದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ಸುಳ್ಳು ಹೇಳಲು ಬಾರದ ಮೂರು ವರ್ಷದ ಮಕ್ಕಳಿಗೆ ಇತರರ ನಂಬಿಕೆಗಳ ಬಗ್ಗೆ ಕೆಲವು ದಿನ ಪಾಠ ಮಾಡಿದರು. ಪಾಠ ತಲೆಗೆ ಹತ್ತಿದ ಮಕ್ಕಳು ಆಟದಲ್ಲಿ ಸುಳ್ಳು ಹೇಳಲು ಶುರು ಮಾಡಿದರು! ಸುಳ್ಳು ಹೇಳಬೇಕಾದರೆ, ತನಗೆ ಗೊತ್ತಿರುವುದು ಅಮ್ಮನಿಗೆ ಗೊತ್ತಿಲ್ಲ, ತಾನು ಆಡಿದ ಮಾತು ಅವಳೊಳಗೆ ನಿಜವಾಗಿ ಕುಳಿತುಕೊಳ್ಳಬಹುದು ಎಂದು ತಿಳಿದಿರಬೇಕು. ಇನ್ನೊಬ್ಬರಿಗೆ ಸಮಾಧಾನ ಹೇಳಲು ಬೇಕಾದದ್ದೂ ಅದೇ ತಿಳಿವಳಿಕೆ. ನಿಜ ಹೇಳುವುದನ್ನು ಖಂಡಿತ ಕಲಿಸಿ. “ನೀನು ಹಾಗೆ ಹೇಳಿದ್ದರಿಂದ ನಾನು ಹೀಗೆಂದುಕೊಂಡೆ, ಆಮೇಲೆ ನನಗೆ ಹೀಗಾಯಿತು” ಎಂದು ಹೇಳಿ ಕಲಿಸಿ. ಹೊಡೆದು ಕಲಿಸಬೇಡಿ.

ನನ್ನ ಮಗನ ಕಥೆ ಅರ್ಧಕ್ಕೆ ನಿಂತಿದೆ. ಅವನಿಗೆ ಐದಾಗಲು ಒಂದೆರಡು ತಿಂಗಳಿತ್ತು. ಒಂದು ಬೆಳಿಗ್ಗೆ ಸ್ನಾನ ಮುಗಿಸಿ ಬಂದು ಕಪಾಟಿನ ಮೇಲೆ ಕೈಯಾಡಿಸಿದರೆ ಕನ್ನಡಕ ಇಲ್ಲ. ಡ್ರಾಯರಿನಲ್ಲೂ ಇಲ್ಲ. ಅವನ ಅಮ್ಮ ಊರಿನಲ್ಲಿರಲಿಲ್ಲ. ಬಾಗಿಲ ಸಂದಿಯಿಂದ ಯಾರೋ ಉಸಿರು ಬಿಗಿಹಿಡಿದ ಸದ್ದು ಬಂತು. ಮಸುಕು ಮಸುಕಾಗಿ ಕಂಡಿತು: ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು, ಮೈಯೆಲ್ಲ ಕುಲುಕುತ್ತ ನಿಂತಿದ್ದ ಒಂದು ಪುಟ್ಟ ಆಕೃತಿ. ಮೂಗಿನ ಮೇಲೆ ನನ್ನ ಕನ್ನಡಕ. ನಾನು ಇನ್ನೂ ಸ್ವಲ್ಪ ಹೊತ್ತು ಕಪಾಟಿನ ಮೇಲೆಯೇ ಹುಡುಕಿದೆ.